ಅಂಗಿಯ ಒಳಗಿನ ಐದು ಸಾಲು

ಇಪ್ಪತ್ತೆರಡು ವರ್ಷದಿಂದ ನಾನು ಒಂದೇ ಕಿಟಕಿಯ ಪಕ್ಕ ಕೂತು ಕಾಜಾ ಹಾಕುತ್ತಿದ್ದೇನೆ. ಗುಂಡಿ ತೂರಲು ಬಟ್ಟೆಯಲ್ಲಿ ಸೀಳುತ್ತಾರಲ್ಲ, ಆ ಸೀಳಿನ ಸುತ್ತ ದಾರ ಸುತ್ತಿ ಅಂಚು ಕಟ್ಟುವುದಕ್ಕೆ ಕಾಜಾ ಅನ್ನುತ್ತಾರೆ. ಅದಾದ ಮೇಲೆ ಗುಂಡಿ ಹಚ್ಚುವುದು. ನನ್ನ ವಿದ್ಯೆ ಅಷ್ಟೇ. ಆದರೂ ಯಾವ ಅಂಗಿ ಯಾರ ಕೈಯಲ್ಲಿ ಹೊಲಿದದ್ದು ಎಂದು ಕಣ್ಣು ಮುಚ್ಚಿ, ಬೆರಳಾಡಿಸಿ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಂಡು ತಿರುಗುತ್ತಿದ್ದೆ. ಆ ಜಂಬ ಇಳಿದ ಕತೆ ಇದು. ಕತೆ ನನ್ನದಲ್ಲ, ಅಂಗಡಿಯ ಒಡತಿಯ ಮಗಳು ಬಾಬಿನ್‌ಳದು.

ಅಂಗಡಿ ಎಂದರೆ ಒಂದು ಮನೆಯ ಮುಂದಿನ ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ನಿಲುವುಗನ್ನಡಿ, ಪರದೆ ಎಳೆದುಕೊಂಡು ಬಟ್ಟೆ ಬದಲಿಸುವ ಒಂದು ಮೂಲೆ. ನಡುವಿನ ಬಾಗಿಲು ದಾಟಿದರೆ ಅಡುಗೆಮನೆ. ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಮಾಸ್ಟರಮ್ಮ ಎನ್ನುತ್ತಾರೆ. ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳಿಗೆ ಮಾತು ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡಿರುವವಳು ಮಾತಾಡುವುದಾದರೂ ಹೇಗೆ? ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅವಳ ಕಣ್ಣು ಎದೆ ಸೊಂಟ ಅಳೆದು ಮುಗಿಸಿರುತ್ತದೆ. ಆಮೇಲೆ ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ.

ಅವಳದೊಂದು ಕಟ್ಟಳೆ ಇದೆ. ಮೈ ಬದಲಾಗಿದೆ ಎಂದು ಯಾರಿಗೂ ಹೇಳಬಾರದು, ಬಟ್ಟೆ ಬದಲಾಗಿದೆ ಎನ್ನಬೇಕು. ದಪ್ಪವಾದವರು ರವಿಕೆ ಬಿಗಿ ಎಂದು ತಂದರೆ, ಒಗೆದು ಒಗೆದು ಕುಗ್ಗಿದೆ, ಹೊಲಿಗೆ ಬಿಟ್ಟುಕೊಡುತ್ತೇನೆ ಎನ್ನುತ್ತಾಳೆ. ಕಾಯಿಲೆ ಬಿದ್ದು ಎದ್ದವರು ಅಂಗಿ ದೊಗಲೆ ಎಂದು ತಂದರೆ, ಬಟ್ಟೆ ಹಿಗ್ಗಿದೆ, ಹಿಡಿದುಕೊಡುತ್ತೇನೆ ಎನ್ನುತ್ತಾಳೆ. ಅವರವರ ಮೈ ಅವರವರ ಗುಟ್ಟು, ನಾವು ಯಾಕೆ ಮೂಗು ತೂರಿಸಬೇಕು ಎಂಬುದು ಅವಳ ವಾದ. ಇನ್ನೊಂದು ಕಟ್ಟಳೆಯೂ ಇದೆ. ಬಟ್ಟೆ ಹಿಡಿಯುವಾಗ ಹೆಚ್ಚಿನದನ್ನು ಕತ್ತರಿಸುವುದಿಲ್ಲ, ಹಳೆಯ ಹೊಲಿಗೆ ಬಿಚ್ಚುವುದೂ ಇಲ್ಲ. ಅದರ ಒಳಗೆ ಕಾಲಿಂಚು ಬಿಟ್ಟು ಹೊಸ ಸಾಲು ಹಾಕುತ್ತಾಳೆ. ಮುಂದೆ ಮೈ ತುಂಬಿಕೊಂಡರೆ ಹೊಸ ಸಾಲು ಬಿಚ್ಚಿದರಾಯಿತು, ಹಳೆಯದು ಹಾಗೇ ಇರುತ್ತದೆ. ಈ ಎರಡು ಕಟ್ಟಳೆಯಿಂದಲೇ ಅವಳಿಗೆ ಇಷ್ಟೊಂದು ಗಿರಾಕಿ ಎಂದು ನಾನೂ ಹೊಗಳುತ್ತಿದ್ದೆ.

ಬಾಬಿನ್ ಅವಳ ಒಬ್ಬಳೇ ಮಗಳು. ಹೊಲಿಗೆ ಯಂತ್ರದೊಳಗೆ ದಾರ ಸುತ್ತಿದ ಪುಟ್ಟ ಗಾಲಿ ಗಿರಗಿರ ತಿರುಗುತ್ತದಲ್ಲ, ಅದೇ ಬಾಬಿನ್. ಮೂರು ವರ್ಷದ ಮಗು ಮೇಜಿನ ಕೆಳಗೆ ಒಂದು ಕ್ಷಣ ನಿಲ್ಲದೆ ಸುತ್ತುತ್ತಿತ್ತು, ಆ ಹೆಸರಿಟ್ಟವಳು ನಾನೇ. ಶಾಲೆಯ ರಿಜಿಸ್ಟರಿನಲ್ಲಿ ಬೇರೆ ಹೆಸರಿದೆ, ಅದು ಅಲ್ಲೇ ಉಳಿಯಿತು. ತಾಯಿ ಆಡದ ಮಾತನ್ನೆಲ್ಲ ಇವಳೇ ಆಡಿ ಮುಗಿಸುತ್ತಿದ್ದಳು. ಬಂದ ಗಿರಾಕಿಗಳ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ನಟಿಸಿ ತೋರಿಸಿ, ನಾನು ಸೂಜಿ ಚುಚ್ಚಿಕೊಳ್ಳುವಷ್ಟು ನಗಿಸುತ್ತಿದ್ದಳು. ಅಪ್ಪ ದೂರದ ಮಾರ್ಗದಲ್ಲಿ ಲಾರಿ ಓಡಿಸುವವನು, ಎರಡು ತಿಂಗಳಿಗೊಮ್ಮೆ ಮುಖ ತೋರಿಸುತ್ತಾನೆ. ಉಳಿದ ದಿನ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುತ್ತಾನೆ, ಇವಳು ಆಯ್ತು ಎನ್ನುತ್ತಾಳೆ.

ಅಷ್ಟು ಬಾಯಿ ಇದ್ದವಳಿಗೆ ತಕ್ಕ ಕೆಲಸವೇ ಸಿಕ್ಕಿತು. ಇಪ್ಪತ್ತನೆಯ ವಯಸ್ಸಿಗೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೆ ಸೇರಿದಳು. ಗಾಜಿನ ಹಿಂದೆ ಒಂದು ಕುರ್ಚಿ, ಒಂದು ಮೈಕು, ಬಸ್ಸುಗಳ ವೇಳಾಪಟ್ಟಿ. ಯಾವ ಬಸ್ಸು ಎಷ್ಟು ಹೊತ್ತಿಗೆ, ಎಷ್ಟನೇ ಪ್ಲಾಟ್‌ಫಾರಂ ಎಂದು ದಿನವಿಡೀ ಜನಕ್ಕೆ ಹೇಳುವುದು. ತಿಳಿನೀಲಿ ಯೂನಿಫಾರಂ ಅಂಗಿಗಳನ್ನು ಅಮ್ಮನೇ ಹೊಲಿದಳು, ಕಾಜಾ ನಾನು ಹಾಕಿದೆ. ಮೊದಲ ದಿನ ಅಂಗಡಿಗೆ ಬೀಗ ಹಾಕಿ ಇಬ್ಬರೂ ನಿಲ್ದಾಣಕ್ಕೆ ಹೋಗಿ, ಎಲ್ಲಿಗೂ ಹೋಗದವರು ಬೆಂಚಿನ ಮೇಲೆ ಒಂದು ಗಂಟೆ ಕೂತು ಅವಳ ದನಿ ಕೇಳಿ ಬಂದೆವು.

ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಏನಾಯಿತು ಎಂದು ಕೇಳಿದರೆ ನಾನು ಏನೆಂದು ಹೇಳಲಿ? ಏನೂ ಆಗಲಿಲ್ಲ. ಪ್ರೀತಿ ಗೀತಿ ಮುರಿಯಲಿಲ್ಲ, ಯಾರೂ ಸಾಯಲಿಲ್ಲ, ಕೆಲಸದಲ್ಲಿ ಯಾರೂ ಬೈಯಲಿಲ್ಲ. ಬಾಬಿನ್ ಸುಮ್ಮನಾದಳು, ಅಷ್ಟೇ. ಹಲ್ಲುಜ್ಜುವ ಬ್ರಷ್ಷು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತವಳು ಹಾಗೇ ನಿಂತಿರುತ್ತಿದ್ದಳು. ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದಳು. ಏನೇ ಎಂದರೆ ಏನಿಲ್ಲ ದೊಡ್ಡಮ್ಮ ಎನ್ನುತ್ತಿದ್ದಳು. ದೊಡ್ಡವಳಾದಳು, ಗಾಂಭೀರ್ಯ ಬಂತು ಎಂದುಕೊಂಡೆ. ಕೆನ್ನೆ ಇಳಿದಾಗ, ಈಗಿನ ಹುಡುಗಿಯರಿಗೆಲ್ಲ ಸಣ್ಣಗಾಗುವ ಹುಚ್ಚು ಎಂದು ರೇಗಿಸಿದೆ. ಗಾಳಿ ಜೋರಾಗಿದೆ, ಕಂಬ ಹಿಡ್ಕೊಂಡು ಹೋಗು ಎಂದು ಒಂದು ದಿನ ಹೇಳಿದೆ. ಆ ಮಾತು ನೆನಪಾದರೆ ಈಗ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಊಟದ ಡಬ್ಬಿ ಮಾತ್ರ ಪ್ರತಿ ಸಂಜೆ ಖಾಲಿಯಾಗಿ, ತೊಳೆದು ವಾಪಸ್ ಬರುತ್ತಿತ್ತು. ಅದನ್ನು ತಿನ್ನುತ್ತಿದ್ದದ್ದು ನಿಲ್ದಾಣದ ಕಂದು ನಾಯಿ ಎಂಬುದು ನಮಗೆ ಬಹಳ ತಡವಾಗಿ ಗೊತ್ತಾಯಿತು. ನಾಯಿ ದಿನೇ ದಿನೇ ಉರುಟಾಗುತ್ತಾ ಹೋಯಿತಂತೆ.

ಒಂದು ಮಧ್ಯಾಹ್ನ ಅವಳು ಏಳನೇ ಪ್ಲಾಟ್‌ಫಾರಮ್ಮಿನ ಬಸ್ಸನ್ನು ಎರಡನೆಯದು ಎಂದುಬಿಟ್ಟಳು. ನಲವತ್ತು ಜನ ಪೆಟ್ಟಿಗೆ, ಚೀಲ, ಮಕ್ಕಳನ್ನು ಎಳೆದುಕೊಂಡು ಏಳರಿಂದ ಎರಡಕ್ಕೆ ಓಡಿದರು. ಅಷ್ಟರಲ್ಲಿ ಬಸ್ಸು ಏಳರಿಂದ ಖಾಲಿಯಾಗಿ ಹೊರಟುಹೋಯಿತು. ತಪ್ಪು ಎಲ್ಲರೂ ಮಾಡುತ್ತಾರೆ. ಆದರೆ ಆಮೇಲೆ ನಡೆದದ್ದು ಬೇರೆ. ಬಾಬಿನ್ ಮೈಕಿನ ಗುಂಡಿ ಆರಿಸುವುದನ್ನು ಮರೆತು ಹಾಗೇ ಕೂತಳು. ಇಡೀ ನಿಲ್ದಾಣಕ್ಕೆ ಹತ್ತು ನಿಮಿಷ ಅವಳ ಉಸಿರು ಕೇಳಿಸಿತು. ಬೇರೇನೂ ಇಲ್ಲ, ಉಸಿರು ಮಾತ್ರ. ಜನ ತಲೆಯೆತ್ತಿ ಕಂಬದ ಮೇಲಿನ ಸ್ಪೀಕರುಗಳನ್ನು ನೋಡುತ್ತಾ ನಿಂತರಂತೆ. ಕೊನೆಗೆ ನಿಲ್ದಾಣದ ಮೇಲಧಿಕಾರಿ ಕಂಟ್ರೋಲರು ಓಡಿಬಂದು ಗುಂಡಿ ಆರಿಸಿದರು.

ಕಂಟ್ರೋಲರು ಕೆಲಸದಿಂದ ತೆಗೆಯುತ್ತಾರೆ ಎಂದು ಬಾಬಿನ್ ಕಾದಳು. ಅವರು ಒಂದು ಲೋಟ ನೀರು ಕೊಟ್ಟು, ಒಂದು ಚೀಟಿ ಕೊಟ್ಟರು. ಅವರ ಸ್ವಂತ ಮಗ ಒಂದು ಕಾಲದಲ್ಲಿ ಹೋಗುತ್ತಿದ್ದ ಜಾಗವಂತೆ. ಆರೋಗ್ಯ ಕೇಂದ್ರದ ಮೇಲಿನ ಮಹಡಿಯಲ್ಲಿ ಯುವಜನರಿಗಾಗಿ ಆಪ್ತಸಲಹೆಯ ಕೋಣೆ, ಇಪ್ಪತ್ತೈದು ವರ್ಷದ ಒಳಗಿನವರಿಗೆ. ಅಲ್ಲಿ ಹೋಗಿ ಮಾತಾಡು, ಕೆಲಸ ಎಲ್ಲೂ ಓಡಿಹೋಗುವುದಿಲ್ಲ ಎಂದರಂತೆ.

ಇದನ್ನು ಬಾಬಿನ್ ಅಮ್ಮನಿಗೆ ಹೇಳಲಿಲ್ಲ. ನನಗೆ ಹೇಳಿದಳು, ಅದೂ ಅಮ್ಮ ಲೈನಿಂಗ್ ಬಟ್ಟೆ ತರಲು ಹೋದ ಹೊತ್ತು ನೋಡಿಕೊಂಡು. ನನಗೆ ತಲೆಬುಡ ತಿಳಿಯಲಿಲ್ಲ. ಕಾಲು ಮುರಿದರೆ ಡಾಕ್ಟರು, ಸರಿ. ಸುಮ್ಮನೆ ಕೂತವಳಿಗೆ ಎಂಥ ಡಾಕ್ಟರು? ನಾನು ನನಗೆ ತೋಚಿದ ಸಲಹೆಗಳನ್ನೆಲ್ಲ ಒದರಿದೆ. ಬೆಳಗ್ಗೆ ಬೇಗ ಏಳು, ತಲೆಗೆ ಎಣ್ಣೆ ಹಾಕು, ಗೆಳತಿಯರ ಜೊತೆ ಸಿನಿಮಾಕ್ಕೆ ಹೋಗು. ಅವಳು ಎಲ್ಲದಕ್ಕೂ ಹೂಂ ಎಂದಳು. ಬುದ್ಧಿ ಹೇಳಿದ ತೃಪ್ತಿಯಲ್ಲಿ ನಾನು ಆ ದಿನ ಆರು ಅಂಗಿಗಳಿಗೆ ಕಾಜಾ ಹಾಕಿ ಮುಗಿಸಿದೆ.

ಆ ಕೋಣೆಯ ನಿಯಮ ಹೀಗಿತ್ತು. ಯಾರೇ ಬಂದರೂ ಮೊದಲು ಮೂರು ಸಲ ಕೂರಿಸಿ ಮಾತಾಡುತ್ತಾರೆ. ಮೂರನೆಯದರ ಕೊನೆಗೆ, ಇವರಿಗೆ ನಿಜಕ್ಕೂ ಬೇಕು ಅನಿಸಿದರೆ ವಾರಕ್ಕೊಂದು ಗಂಟೆಯ ಜಾಗ ಕೊಡುತ್ತಾರೆ, ಕೆಳಗಿನ ಡಾಕ್ಟರಿಗೂ ತೋರಿಸುತ್ತಾರೆ. ಇಲ್ಲದಿದ್ದರೆ ಒಂದು ಕರಪತ್ರ ಕೊಟ್ಟು, ಬೇಕೆನಿಸಿದರೆ ಮತ್ತೆ ಬನ್ನಿ ಎಂದು ಕಳಿಸುತ್ತಾರೆ. ಕೂತು ಮಾತಾಡಿಸಲು ಇಬ್ಬರೇ ಮೇಡಂಗಳು, ಪಟ್ಟಿಯಲ್ಲಿ ಕಾಯುವವರು ಅರವತ್ತು ಜನ. ಹಾಗಾಗಿ ಆ ಮೂರು ಸಲದಲ್ಲಿ ಬಾಬಿನ್ ತನಗೇನಾಗಿದೆ ಎಂದು ಹೇಳಬೇಕಿತ್ತು. ಅವಳಿಗೆ ಗೊತ್ತಿಲ್ಲದೆ ಇದ್ದದ್ದು ಅದೊಂದೇ.

ಮೊದಲ ಸಲ ಒಂದು ಫಾರಂ ತುಂಬಿಸಿದರು. ಯಾವಾಗಿನಿಂದ ಹೀಗಾಗುತ್ತಿದೆ? ಗೊತ್ತಿಲ್ಲ. ಏನಾದರೂ ಘಟನೆ ನಡೆಯಿತೇ? ಇಲ್ಲ. ನಿದ್ದೆ? ಬರುತ್ತೆ, ಹೋಗುತ್ತೆ. ಊಟದ ಬಗ್ಗೆ ಕೇಳಿದಾಗ ಮಾಡುತ್ತೇನೆ ಎಂದು ಬರೆದಳು. ನಾಯಿಗೆ ಹಾಕುವುದು ಅವಳಿಗೇ ಅಷ್ಟೊಂದು ಲೆಕ್ಕಕ್ಕಿರಲಿಲ್ಲ, ಹಸಿವಿಲ್ಲದ ದಿನ ಹಾಕುತ್ತೇನೆ ಎಂದುಕೊಂಡಿದ್ದಳು. ಹಸಿವಿಲ್ಲದ ದಿನಗಳೇ ಎಲ್ಲ ದಿನಗಳೂ ಆಗಿದ್ದವು ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ. ಸಣ್ಣಗಾಗಿದ್ದೀರಾ, ಬಟ್ಟೆ ಸಡಿಲವಾಗಿದೆಯಾ ಎಂದು ಮೇಡಂ ಬಾಯಿಬಿಟ್ಟೇ ಕೇಳಿದರು. ಬಾಬಿನ್ ತನ್ನ ಅಂಗಿಯನ್ನು ನೋಡಿಕೊಂಡಳು. ಅಂಗಿ ಮೈಗೆ ಅಳತೆಗೆ ಸರಿಯಾಗಿ ಕೂತಿತ್ತು. ಇಲ್ಲ, ಎಲ್ಲ ಮೊದಲಿನ ಹಾಗೇ ಇದೆ ಎಂದಳು. ಸುಳ್ಳು ಹೇಳಲಿಲ್ಲ. ಮೇಡಂ ಅವಳನ್ನು ಹಿಂದೆ ನೋಡಿದವರಲ್ಲ, ನಂಬಿದರು.

ಎರಡನೇ ಸಲ ಮಾತು ಇನ್ನೂ ಹಳಿ ತಪ್ಪಿತು. ಏಳನೇ ಪ್ಲಾಟ್‌ಫಾರಂ ಎರಡಾದದ್ದನ್ನು ಬಾಬಿನ್ ಅರ್ಧ ಗಂಟೆ ವಿವರಿಸಿದಳು. ಎಲ್ಲರಿಗೂ ಕೆಲಸದಲ್ಲಿ ಒತ್ತಡ ಇರುತ್ತದೆ ಎಂದು ಮೇಡಂ ಉಸಿರಾಟದ ಒಂದು ಅಭ್ಯಾಸ ಹೇಳಿಕೊಟ್ಟರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳಂತೆ. ಬಾಬಿನ್‌ಗೆ ಅಳುವೂ ಬಂದಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಅನಿಸಿದ್ದು ಒಂದೇ, ನನಗೆ ಏನೂ ಆಗಿಲ್ಲ, ಸುಮ್ಮನೆ ಆ ಹುಡುಗಿಯ ಜಾಗ ತಿನ್ನುತ್ತಿದ್ದೇನೆ.

ಮೂರನೆಯ ಸಲ ಒಂದು ಮಂಗಳವಾರ ಹನ್ನೊಂದು ಗಂಟೆಗೆ ಇತ್ತು. ಆ ಬೆಳಗ್ಗೆ ಒಂಬತ್ತಕ್ಕೆ ಬಾಬಿನ್ ಮನೆಯ ನೈಟಿಯಲ್ಲೇ ಅಂಗಡಿಗೆ ಬಂದು, ಯೂನಿಫಾರಂ ಅಂಗಿಯನ್ನು ನನ್ನ ಮಡಿಲಿಗೆ ಹಾಕಿದಳು. ಎರಡನೇ ಗುಂಡಿ ಕಿತ್ತುಹೋಗಿತ್ತು. ಮಾಸ್ಟರಮ್ಮ ಪೇಟೆಗೆ ಹೋಗಿದ್ದಳು. ಹೊರಡಲ್ವೇನೇ, ಹನ್ನೊಂದಕ್ಕಲ್ವಾ ಎಂದೆ.

"ಹೋಗಲ್ಲ ದೊಡ್ಡಮ್ಮ. ಕೆಲಸಕ್ಕೇ ಹೋಗ್ತೀನಿ. ನಂಗೇನೂ ಆಗಿಲ್ಲ, ನಾಟಕ ಆಡ್ತಿದೀನಿ ಅನ್ಸುತ್ತೆ. ನಿಜವಾಗ್ಲೂ ಆಗಿದ್ರೆ ಏನಾದ್ರೂ ಒಂದು ಕಾಣಿಸ್ಬೇಕಲ್ವಾ?"

ನಾನು ಗುಂಡಿ ಹುಡುಕುತ್ತಾ ಕೂತೆ. ಹೋಗು ಎನ್ನಲು ನನಗೂ ನಂಬಿಕೆ ಇರಲಿಲ್ಲ, ಬೇಡ ಎನ್ನಲು ಧೈರ್ಯವೂ ಇರಲಿಲ್ಲ. ಕಿತ್ತ ಗುಂಡಿಯ ಹಳೆಯ ದಾರ ತೆಗೆಯಲು ಅಂಗಿಯನ್ನು ತಿರುವಿ ಒಳಮೈ ಹೊರಗೆ ಮಾಡಿದೆ. ಕಂಕುಳ ಕೆಳಗಿನ ಪಕ್ಕದ ಹೊಲಿಗೆ ಕೈಗೆ ದಪ್ಪಗೆ ಸಿಕ್ಕಿತು.

ಆ ಅಂಗಿಗೆ ಕಾಜಾ ಹಾಕಿದವಳು ನಾನು. ಆಗ ಪಕ್ಕದಲ್ಲಿ ಒಂದೇ ಸಾಲು ಹೊಲಿಗೆ ಇತ್ತು, ತಿಳಿನೀಲಿ ದಾರದ್ದು. ಈಗ ಅದರ ಒಳಗೆ ಇನ್ನೂ ಐದು ಸಾಲುಗಳಿದ್ದವು. ಕಾಲಿಂಚಿಗೊಂದು, ಕಾಲಿಂಚಿಗೊಂದು. ಎರಡೂ ಪಕ್ಕ ಹಾಗೇ. ಸಾಲುಗಳಿಗಿಂತ ನನ್ನ ಕಣ್ಣು ನಿಂತದ್ದು ಬಣ್ಣಗಳ ಮೇಲೆ. ಬಿಳಿ, ಹಸಿರು, ಮರೂನ್, ಹಳದಿ, ಕಪ್ಪು. ಹೊಂದದ ದಾರದಲ್ಲಿ ಒಂದು ಹೊಲಿಗೆಯನ್ನೂ ಹಾಕದವಳು ಮಾಸ್ಟರಮ್ಮ. ಯಂತ್ರದಲ್ಲಿ ಆ ಹೊತ್ತಿಗೆ ಯಾವ ದಾರ ಇತ್ತೋ ಅದರಲ್ಲೇ, ಮಗಳು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ, ಕದ್ದು ಹೊಲಿದಿದ್ದಾಳೆ ಎಂದು ನನಗೆ ಅರ್ಥವಾಯಿತು. ಯಾಕೆ ಎಂದು ಮಾತ್ರ ಅರ್ಥವಾಗಲಿಲ್ಲ.

ಬಾಯಿಗೆ ಬೀಗ ಹಾಕಿಕೊಳ್ಳಬಹುದಿತ್ತು. ತಾಯಿ ಮಗಳ ನಡುವೆ ನನಗೇನು ಕೆಲಸ? ಆದರೆ ಏನಾದ್ರೂ ಒಂದು ಕಾಣಿಸ್ಬೇಕಲ್ವಾ ಎಂದು ಆಗಷ್ಟೇ ಅವಳೇ ಕೇಳಿದ್ದಳು. ಇಲ್ಲಿ ಬಾ ಎಂದು ಕರೆದು ಅಂಗಿ ತೋರಿಸಿದೆ. ಅವಳು ಸುಮ್ಮನೆ ನೋಡಿದಳು. ಯಾರದು ಎಂದಳು. ನಿನ್ನದೇ ಎಂದೆ. ಸಾಲುಗಳನ್ನು ಬೆರಳಿನಿಂದ ಎಣಿಸಿದಳು, ಎಣಿಸಿ ಮತ್ತೆ ಎಣಿಸಿದಳು. ಒಂದು ಸಾಲಿಗೆ ಮೈಸುತ್ತು ಒಂದಿಂಚು ಕಮ್ಮಿ, ಐದು ಸಾಲಿಗೆ ಐದಿಂಚು ಎಂದು ನಾನು ವಿವರಿಸಿದೆ. ಅವಳು ಒಳಗೆ ಹೋಗಿ ಬೀರುವಿನಲ್ಲಿದ್ದ ತನ್ನ ಬಟ್ಟೆಗಳನ್ನೆಲ್ಲ ತಂದು ಕತ್ತರಿಸುವ ಮೇಜಿನ ಮೇಲೆ ಸುರಿದು, ಒಂದೊಂದಾಗಿ ತಿರುವಿದಳು. ಎಲ್ಲದರಲ್ಲೂ ಅದೇ ಸಾಲುಗಳು, ಅದೇ ಬಣ್ಣಗಳು.

ಮಾಸ್ಟರಮ್ಮ ಬಾಗಿಲಿಗೆ ಬಂದಾಗ ನಾವಿಬ್ಬರೂ ಆ ರಾಶಿಯ ಮುಂದೆ ನಿಂತಿದ್ದೆವು. ಕೈಯಲ್ಲಿದ್ದ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಅದನ್ನು ಎದೆಗೆ ಅವಚಿಕೊಂಡಳು. ಬಾಬಿನ್‌ಗೆ ಕೋಪ ಬಂತೋ ಅಳು ಬಂತೋ ನನಗೆ ಹೇಳಲಾಗದು. ಏಳು ತಿಂಗಳಲ್ಲಿ ಅವಳ ದನಿ ಏರಿದ್ದು ಅದೇ ಮೊದಲು.

"ಬಟ್ಟೆ ಸಡಿಲ ಆಗಿದ್ದಿದ್ರೆ ನಂಗಾದ್ರೂ ಗೊತ್ತಾಗ್ತಿತ್ತಲ್ಲಮ್ಮ. ಅವ್ರು ಕೇಳಿದಾಗ ನಾನು ಇಲ್ಲ ಅಂದೆ. ನಂಗೆ ನಾನೇ ಹುಚ್ಚಿ ಥರ ಕಾಣ್ತಿದ್ದೆ."

ಯಾರು ಕೇಳಿದರು, ಎಲ್ಲಿ ಕೇಳಿದರು ಎಂದು ತಾಯಿಗೆ ತಿಳಿಯದು. ನಾನೇ ಮಧ್ಯೆ ಬಾಯಿ ಹಾಕಿ ಬಸ್ಸು, ಮೈಕು, ಆ ಕೋಣೆ, ಮೂರು ಸಲದ ನಿಯಮ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಮಾಸ್ಟರಮ್ಮ ಕೇಳುತ್ತಾ ಕೇಳುತ್ತಾ ಸ್ಟೂಲಿನ ಮೇಲೆ ಕೂತಳು. ತುಟಿಯಲ್ಲಿ ಗುಂಡುಸೂಜಿ ಇಲ್ಲದ ಅವಳ ಮುಖ ನನಗೆ ಬೇರೆ ಯಾರದೋ ಅನಿಸಿತು.

"ಕೇಳಿದ್ರೆ ಏನಿಲ್ಲಮ್ಮ ಅಂತಿದ್ದೆ. ಡಬ್ಬಿ ಖಾಲಿ ಬರ್ತಿತ್ತು. ಅಳತೆ ಮಾತ್ರ ಇಳೀತಾನೇ ಇತ್ತು. ಯಾವ್ದನ್ನ ನಂಬ್ಲಿ ಗೊತ್ತಾಗ್ಲಿಲ್ಲ ಕಣೇ. ದೊಗಲೆ ಅಂಗಿ ಹಾಕ್ಕೊಂಡು ಕನ್ನಡಿ ನೋಡ್ಕೊಂಡ್ರೆ ಹೆದ್ರಿಕೊಳ್ತೀಯ ಅಂತ ಹಿಡಿದೆ. ಒಂದ್ಸಲ ಹಿಡಿದ್ರೆ ಸರಿಹೋಗುತ್ತೆ ಅನ್ಕೊಂಡೆ."

ಐದು ಸಲ ಹಾಗೇ ಅಂದುಕೊಂಡಿದ್ದಳು. ಗಿರಾಕಿಯ ಮೈ ಗಿರಾಕಿಯ ಗುಟ್ಟು ಎಂಬ ಮರ್ಯಾದೆಯನ್ನು ಹೆತ್ತ ಮಗಳಿಗೂ ಕೊಟ್ಟಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು. ದಿನಕ್ಕೆ ಎಂಟು ಗಂಟೆ ಅದೇ ಕೋಣೆಯಲ್ಲಿ ಕೂತು ನಾನು ಮಾಡಿದ್ದಾದರೂ ಏನು, ಕಂಬ ಹಿಡಿದುಕೋ ಎಂದು ಗೇಲಿ ಮಾಡಿದ್ದು.

ಗಡಿಯಾರ ಹತ್ತೂಕಾಲು ತೋರಿಸಿತು. ಯಾರೂ ಏನೂ ತೀರ್ಮಾನಿಸಲಿಲ್ಲ. ಬಾಬಿನ್ ಪರದೆಯ ಹಿಂದೆ ಹೋಗಿ ಬೇರೊಂದು ಬಟ್ಟೆ ಹಾಕಿಕೊಂಡು ಬಂದಳು, ಗುಂಡಿಯಿಲ್ಲದ ಅಂಗಿಯನ್ನು ಒಳಮೈ ಹೊರಗಾಗಿಯೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಿಗೆ ನಡೆದಳು. ಹೊಸ್ತಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ನಾವು ಅಂಗಡಿಗೆ ಬೀಗ ಹಾಕಿ ಹೊರಟೆವು.

ಆರೋಗ್ಯ ಕೇಂದ್ರದ ಮೆಟ್ಟಿಲು ಕಡಿದು. ಮೇಲೆ ಹಸಿರು ಪ್ಲಾಸ್ಟಿಕ್ ಕುರ್ಚಿಗಳು, ಒಂದು ನೀರಿನ ಡ್ರಮ್ಮು, ಗೋಡೆಯ ಮೇಲೆ ಸದ್ದು ಮಾಡಬೇಡಿ ಎಂಬ ಬರಹ. ಬಾಬಿನ್ ಒಳಗೆ ಹೋದಳು. ಐದು ನಿಮಿಷಕ್ಕೆ ಬಾಗಿಲು ತೆರೆದು ಮೇಡಂ ನಮ್ಮಿಬ್ಬರನ್ನೂ ಕರೆದರು. ನನಗಿಂತ ಬಹಳ ಚಿಕ್ಕವರು, ಕೂದಲು ಬಿಗಿಯಾಗಿ ಕಟ್ಟಿದ್ದರು. ಅಂಗಿ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅವರಿಗೆ ಹೊಲಿಗೆಯ ಗಂಧಗಾಳಿ ಇಲ್ಲ, ಇದೇನು ಎಂದು ತಿಳಿಸಿಕೊಡಿ ಎಂದರು.

ಮಾಸ್ಟರಮ್ಮ ಎದ್ದು ನಿಂತು, ಶಾಲೆಯ ಹುಡುಗಿಯ ಹಾಗೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಹೇಳಿದಳು. ಬಿಳಿ ದಾರ, ನರ್ಸುಗಳ ಕೋಟು ಹೊಲಿಯುತ್ತಿದ್ದ ವಾರ. ಹಸಿರು, ಆಟದ ತಂಡದ ಚಡ್ಡಿಗಳು. ಮರೂನ್, ಶಾಲೆಯ ಪರದೆಗಳು. ಹಳದಿ, ನೃತ್ಯಶಾಲೆಯ ಮಕ್ಕಳ ಫ್ರಾಕು. ಕಪ್ಪು, ವಕೀಲರ ಕೋಟು, ಅದು ಹೋದ ತಿಂಗಳು. ಯಾವುದು ಯಾವ ತಿಂಗಳು ಎಂದು ನಾನು ಪಕ್ಕದಿಂದ ಸೇರಿಸಿದೆ. ಮೇಡಂ ಬರೆದುಕೊಂಡರು. ಫಾರಮ್ಮಿನಲ್ಲಿ ಬಾಬಿನ್ ಗೊತ್ತಿಲ್ಲ ಎಂದು ಬರೆದಿದ್ದ ಜಾಗದಲ್ಲಿ ಏಳು ತಿಂಗಳು ಎಂದು ಬಿತ್ತು.

ಆ ನರ್ಸು ಕೋಟಿನ ವಾರ ಏನಾಗಿತ್ತು ಎಂದು ಮೇಡಂ ಕೇಳಿದರು. ಮೂವರೂ ತಲೆ ಕೆರೆದುಕೊಂಡೆವು. ಏನೂ ಆಗಿರಲಿಲ್ಲ. ಯೋಚಿಸಿ ಯೋಚಿಸಿ, ಆ ವಾರ ಕುಕ್ಕರ್ ಕೆಟ್ಟಿತ್ತು ಎಂದೆ ನಾನು. ಮೇಡಂ ನಗಲಿಲ್ಲ. ಕಾರಣ ಗೊತ್ತಾಗಲೇಬೇಕು ಅಂತಿಲ್ಲ, ಕಾರಣ ಇಲ್ಲದೆಯೂ ಹೀಗಾಗುತ್ತೆ, ಅದಕ್ಕೂ ಚಿಕಿತ್ಸೆ ಇದೆ ಎಂದರು. ಇದನ್ನು ಅರ್ಥ ಮಾಡಿಕೊಳ್ಳಲು ನಾನು ಇವತ್ತಿಗೂ ಹೆಣಗುತ್ತಿದ್ದೇನೆ. ಆಮೇಲೆ ಅವರು ಬಾಬಿನ್ ಕಡೆ ತಿರುಗಿ, ಬದುಕುವುದೇ ಬೇಡ ಅನಿಸುತ್ತಾ ಎಂದು, ಊಟ ಆಯ್ತಾ ಎಂದಷ್ಟೇ ಸಹಜವಾಗಿ ಕೇಳಿದರು. ಅಮ್ಮ ಮತ್ತು ದೊಡ್ಡಮ್ಮ ಹೊರಗೆ ಹೋಗಬೇಕಾ ಎಂದೂ ಕೇಳಿದರು. ಬಾಬಿನ್ ಬೇಡ ಎಂದು ತಲೆಯಾಡಿಸಿದಳು.

"ಬೇಡ ಅಂತ ಅನ್ಸಲ್ಲ ಮೇಡಂ. ಬೇಕು ಅಂತಾನೂ ಅನ್ಸಲ್ಲ. ಮಧ್ಯದಲ್ಲಿ ಎಲ್ಲೋ ನಿಂತಿದೀನಿ, ಎಲ್ಲಿ ಅಂತ ಗೊತ್ತಿಲ್ಲ."

ಹೇಳಿ ಮುಗಿಸಿ ಅವಳು ಅತ್ತಳು. ಮಾಸ್ಟರಮ್ಮ ಮಗಳ ಕಡೆ ಕೈ ಚಾಚಿ, ಏನು ಮಾಡಬೇಕು ಎಂದು ತಿಳಿಯದೆ, ಅವಳ ಕಾಲರಿನ ಮಡಿಕೆ ಸರಿಮಾಡಿದಳು. ಬಾಬಿನ್ ಆ ಕೈಯನ್ನು ಹಾಗೇ ಹಿಡಿದುಕೊಂಡಳು.

ಜಾಗ ಸಿಕ್ಕಿತು. ಪ್ರತಿ ಮಂಗಳವಾರ ಹನ್ನೊಂದಕ್ಕೆ. ಆ ದಿನವೇ ಕೆಳಗಿನ ಡಾಕ್ಟರು ತೂಕ ನೋಡಿದರು, ಕೆಲಸಕ್ಕೆ ಸೇರುವಾಗಿನ ಆರೋಗ್ಯ ಸರ್ಟಿಫಿಕೇಟಿನಲ್ಲಿದ್ದ ತೂಕಕ್ಕೂ ಇದಕ್ಕೂ ಒಂಬತ್ತು ಕಿಲೋ ವ್ಯತ್ಯಾಸ. ರಕ್ತ ಪರೀಕ್ಷೆ, ಮಾತ್ರೆ, ಇಷ್ಟು ಹೊತ್ತಿಗೆ ಇಷ್ಟು ತಿನ್ನಬೇಕು ಎಂಬ ಪಟ್ಟಿ. ಕಂಟ್ರೋಲರು ಮಂಗಳವಾರದ ಪಾಳಿ ಬದಲಿಸಿಕೊಟ್ಟರು. ನಾನು ಕಂದು ನಾಯಿಗೆ ಬೇರೆ ಡಬ್ಬಿ ಕಳಿಸತೊಡಗಿದೆ. ಅದು ಏನು ತಪ್ಪು ಮಾಡಿತ್ತು ಪಾಪ?

ಎಲ್ಲ ಸರಿಹೋಯಿತು ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ಕೆಲವು ಮಂಗಳವಾರ ಬಾಬಿನ್ ಹಗುರಾಗಿ ಬರುತ್ತಿದ್ದಳು, ಕೆಲವು ಮಂಗಳವಾರ ಇನ್ನೂ ಕುಗ್ಗಿ ಬರುತ್ತಿದ್ದಳು. ಚಿಕಿತ್ಸೆಗೆ ಹೋದವಳು ಅಳುತ್ತಾ ಬಂದರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಮಗೆ ತಿಳಿಯುತ್ತಿರಲಿಲ್ಲ. ಮಾತ್ರೆ ತಗೊಂಡ ಮೊದಲ ವಾರಗಳಲ್ಲಿ ತೂಕಡಿಸಿದಳು, ಡಾಕ್ಟರು ಮಾತ್ರೆ ಬದಲಿಸಿದರು. ಇನ್ನೂ ಸ್ವಲ್ಪ ಇಳಿದಳು ಕೂಡ. ಮಾಸ್ಟರಮ್ಮ ಯಂತ್ರದ ಮುಂದೆ ಕೂತು ಮಗಳ ಅಂಗಿಯನ್ನು ಕೈಗೆತ್ತಿಕೊಳ್ಳುತ್ತಿದ್ದಳು, ಮತ್ತೆ ಕೆಳಗಿಡುತ್ತಿದ್ದಳು. ಇನ್ನು ಹಿಡಿಯಬೇಡ ಎಂದು ಮಗಳು ಹೇಳಿದ್ದಳು. ದೊಗಲೆ ಅಂಗಿಯಲ್ಲೇ ಬಾಬಿನ್ ಕೆಲಸಕ್ಕೆ ಹೋದಳು. ಯಾರಾದರೂ ಏನಮ್ಮಾ ಹೀಗಾಗಿದ್ದೀಯ ಎಂದರೆ, ಹುಷಾರಿಲ್ಲ, ತೋರಿಸ್ತಿದೀನಿ ಎನ್ನುತ್ತಿದ್ದಳು. ಬೆಳಗ್ಗೆ ತಾಯಿ ಗುಂಡುಸೂಜಿ ಕಚ್ಚುವ ಮೊದಲು ಒಂದು ಮಾತು ಕೇಳುವುದನ್ನು ಕಲಿತಳು, ಹೇಗಿದೀಯ ಎಂದು. ಮಗಳು ಏನಿಲ್ಲಮ್ಮ ಎನ್ನುವುದನ್ನು ಬಿಟ್ಟು ಗೊತ್ತಿಲ್ಲಮ್ಮ ಎನ್ನತೊಡಗಿದಳು. ಆ ಗೊತ್ತಿಲ್ಲ ಎಂಬ ಮಾತಿನ ಪಕ್ಕದಲ್ಲಿ ತಾಯಿ ಹತ್ತು ನಿಮಿಷ ಕೂತಿರುತ್ತಿದ್ದಳು. ಗಿರಾಕಿಗಳು ಕಾಯುತ್ತಿದ್ದರು.

ಹೋದ ವಾರದ ಮಾತು. ಮಧ್ಯಾಹ್ನ ಪಾಳಿ ಮುಗಿಸಿ ಬಂದ ಬಾಬಿನ್ ಅಂಗಡಿಯ ನಡುವೆ ನಿಂತು ಎರಡೂ ಕೈ ಮೇಲೆತ್ತಿದಳು. ಕಂಕುಳ ಹತ್ತಿರ ಹಿಡಿಯುತ್ತೆ ಎಂದಳು. ಮಾಸ್ಟರಮ್ಮ ಯಂತ್ರ ನಿಲ್ಲಿಸಿ ಎದ್ದು ಬಂದು ಪಕ್ಕದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬಟ್ಟೆ ನಿಜಕ್ಕೂ ಬಿಗಿಯಾಗಿತ್ತು. ಮೂವತ್ತು ವರ್ಷದ ಅಭ್ಯಾಸ ತಾನಾಗಿಯೇ ಬಾಯಿಗೆ ಬಂತು.

"ಒಗೆದು ಒಗೆದು ಬಟ್ಟೆ ಕುಗ್ಗಿ..." ಎಂದವಳು ಅಲ್ಲೇ ನಿಂತಳು. ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಇಲ್ಲ. ನೀನೇ ದಪ್ಪ ಆಗಿದೀಯ."

ಬಾಬಿನ್ ನಕ್ಕಳೋ ಅತ್ತಳೋ, ನನಗೆ ಕಿಟಕಿಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಅಂಗಿ ಬಿಚ್ಚಿ ತಂದು ನನ್ನ ಮಡಿಲಿಗೆ ಹಾಕಿದಳು. ನಾನು ಚಿಕ್ಕ ಕತ್ತರಿ ತಗೊಂಡು ಕಪ್ಪು ಸಾಲನ್ನು ಬಿಚ್ಚಿದೆ. ಹಳದಿಯದನ್ನು ಮುಟ್ಟಲಿಲ್ಲ.